ತಂಗಿಯಾಗಬೇಕಾದವಳು

ಫೆಬ್ರವರಿ ೩, ಬೆಳಿಗ್ಗೆ

ಉಣ್ಣೆ ಬಾಚಿ ಮುಗಿಸಿದೆ. ಅರ್ಧ ಬುಟ್ಟಿ ಉಣ್ಣೆ, ಅರ್ಧ ಬುಟ್ಟಿ ಮುಳ್ಳು. ಮಾರಿದವನಿಗೆ ಕಣ್ಣಿಲ್ಲವೋ, ನನಗೆ ಕಣ್ಣಿಲ್ಲವೆಂದುಕೊಂಡನೋ... ಕೆಲಸದ ಬ್ಲಾಂದಾ ಕೆಮ್ಮುತ್ತಾಳೆ. ಅತ್ತೆ ಕೆಮ್ಮುತ್ತಾರೆ. ಊರಿಗೆ ಊರೇ ಕೆಮ್ಮುತ್ತಿದೆ. ಆದರೆ ಎಲ್ಲರ ಕಿವಿಯೂ ಒಬ್ಬರ ಕೆಮ್ಮಿನ ಮೇಲೆ — ಮುದಿ ಬಿಷಪ್ಪರದು.

ಇವರು ಇವತ್ತೂ ಅಲ್ಲಿಗೇ ಹೋದರು. ಒಂಬತ್ತು ದಿನವಾಯಿತು. ಕಕ್ಷಿದಾರರು ಬಾಗಿಲಲ್ಲಿ ಕೂತು ಕೂತು ಎದ್ದು ಹೋಗುತ್ತಾರೆ.

"ಸಾಯೋರ ಹಾಸಿಗೆ ಹತ್ರ ವಕೀಲರಿಗೇನು ಕೆಲಸ? ಉಯಿಲು ಬರೀಬೇಕಾ?" ಎಂದೆ.

"ಪ್ರಾರ್ಥನೆ ಮಾಡ್ತೀನಿ, ತುರ್ತೂರಾ."

ಮದುವೆಯಾಗಿ ಹದಿನೆಂಟು ವರ್ಷ. ಊಟದ ತಟ್ಟೆಯ ಮುಂದೆ ಬಿಟ್ಟು ಬೇರೆಲ್ಲೂ ಈ ಮನುಷ್ಯ ಪ್ರಾರ್ಥನೆ ಮಾಡಿದ್ದು ನಾನು ನೋಡಿಲ್ಲ.

ಇದನ್ನು ಇವರ ಹಳೆಯ ದಾವೆ ಪತ್ರಗಳ ಬೆನ್ನಿಗೆ ಬರೆಯುತ್ತೇನೆ. ಸೋತ ದಾವೆಗಳು. ಸೋತದ್ದನ್ನು ಇವರು ತಿರುಗಿ ನೋಡುವುದಿಲ್ಲ. ಉಣ್ಣೆಯ ಬುಟ್ಟಿಯ ತಳದಲ್ಲಿ ಇಟ್ಟರೆ ಕೇಳುವವರಿಲ್ಲ.

ಫೆಬ್ರವರಿ ೬

ಬಿಷಪ್ಪರು ಹೋದರು. ಬೆಳಕು ಹರಿಯುವಾಗ.

ಹೆಂಗಸರೆಲ್ಲ ಹೋಗಿದ್ದೆವು. ಅವರ ಹೆಂಡತಿ ಸಿಲ್ವಿಯಾ ಬಾಗಿಲ ಹೊರಗೆ ನಿಂತಿದ್ದರು, ಕೈಯಲ್ಲಿ ಗಂಜಿಯ ಬಟ್ಟಲು. ಹೆಂಡತಿ ಎನ್ನಬಾರದು. ಅವರು ಬಿಷಪ್ಪರಾದಾಗಿನಿಂದ, ಇಪ್ಪತ್ತೆರಡು ವರ್ಷದಿಂದ "ಬಿಷಪ್ಪರ ತಂಗಿ". ಗೋಡೆಯಾಚೆ ಬೇರೆ ಮನೆ, ಬೇರೆ ಒಲೆ. ಹಬ್ಬದ ದಿನ ಹತ್ತು ಜನರ ಎದುರಿಗೆ ಎರಡು ಮಾತು. ಸಾಯುವ ಗಂಡನ ತಲೆ ಹಿಡಿಯುವುದಕ್ಕೂ ಬಿಡಲಿಲ್ಲ. ಹೆಣ ತೊಳೆಯುವುದಕ್ಕೂ ಬಿಡಲಿಲ್ಲ. ತೊಳೆದವರು ನಿನ್ನೆ ಮೊನ್ನೆ ಬಂದ ಸೇವಕರು.

"ಗಂಜಿ ಬಿಸಿ ಇತ್ತು ಕಣಮ್ಮ," ಎಂದರು ನನ್ನ ಹತ್ತಿರ. ಅಷ್ಟೇ.

ಬರುವಾಗ ಆ ಗೋಡೆಗೆ ಮುಖ ಮಾಡಿ ನಿಂತೆ. ಅತ್ತೆ ಹಿಂದಿನಿಂದ ಬಂದು, "ಅಳಬೇಡ. ದೇವರು ಒಬ್ಬರನ್ನ ಕರ್ಕೊಂಡ್ರೆ ಇನ್ನೊಬ್ಬರನ್ನ ಕೊಡ್ತಾನೆ," ಎಂದರು. ಮುಖದಲ್ಲಿ ನಗು ತಡೆಯಲಾಗುತ್ತಿಲ್ಲ ಮುದುಕಿಗೆ.

ಫೆಬ್ರವರಿ ೯, ಮಧ್ಯಾಹ್ನ

ಆಯಿತು. ನಾನು ಹೆದರಿದ್ದೇ ಆಯಿತು.

ಇಗರ್ಜಿಯಲ್ಲಿ ನಿಲ್ಲಲು ಜಾಗವಿಲ್ಲ. ಮೊದಲು ಯಾರೋ ಕಪ್ರಾಸಿಯಸ್ ಎಂದು ಕೂಗಿದರು — ಬೆಟ್ಟದ ಸನ್ಯಾಸಿ, ಹೆಂಡತಿಯೂ ಇಲ್ಲ, ಹಲ್ಲೂ ಇಲ್ಲ. ಆಮೇಲೆ ಮೂಲೆಯಿಂದ ಒಂದು ದನಿ, "ವಿತಾಲಿಸ್". ಆ ಮೂಲೆಯಲ್ಲಿ ನಿಂತಿದ್ದವನು ಇಗರ್ಜಿಯ ಪಾರುಪತ್ಯ ನೋಡುವ ಪ್ರಿಸ್ಕಸ್. ಎರಡು ಉಸಿರಿನೊಳಗೆ ಇಡೀ ಊರು ನನ್ನ ಗಂಡನ ಹೆಸರು ಕೂಗುತ್ತಿತ್ತು. ಮೀನು ಮಾರುವವಳು ಸಹ. ಕಳೆದ ವರ್ಷ ಇವರೇ ಅವಳ ವಿರುದ್ಧ ವಾದ ಮಾಡಿ ಅವಳ ಗಾಡಿ ಕಿತ್ತುಕೊಡಿಸಿದ್ದರು.

ಇವರು ಹೊದ್ದ ಬಟ್ಟೆಯನ್ನು ಮುಖಕ್ಕೆ ಎಳೆದುಕೊಂಡು ಅಳುವವರಂತೆ ಬಾಗಿದರು. ಹೆಂಗಸರ ಕಡೆಯಿಂದ ನನಗೆ ಇವರ ಕಿವಿ ಕಾಣುತ್ತಿತ್ತು. ಕೆಂಪಗೆ. ದಾವೆ ಗೆದ್ದ ದಿನ ಇವರ ಕಿವಿ ಹೀಗೇ ಆಗುತ್ತದೆ. ಊರಿಗೆ ಗೊತ್ತಿಲ್ಲ, ನನಗೆ ಗೊತ್ತು.

ಇನ್ನು ನನ್ನ ಕಥೆ ಏನು? ಮದುವೆಯಾದವನು ಬಿಷಪ್ಪನಾಗಬಹುದು. ಆದ ದಿನದಿಂದ ಹೆಂಡತಿ ತಂಗಿ. ಮಗಳು ಅತ್ತೆಯ ಸುಪರ್ದಿಗೆ. ಒಂದೇ ಒಂದು ತೊಡಕು — ಅಭಿಷೇಕಕ್ಕೆ ಮೊದಲು ಎಲ್ಲರೆದುರು ಹೆಂಡತಿ ತನ್ನ ಬಾಯಿಂದ "ಒಪ್ಪಿದೆ" ಎನ್ನಬೇಕು. ಆ ಮಾತು ಬಾರದೆ ಅವರ ತಲೆಯ ಮೇಲೆ ಯಾರೂ ಕೈ ಇಡುವಂತಿಲ್ಲ.

ನನ್ನನ್ನು ಇನ್ನೂ ಯಾರೂ ಕೇಳಿಲ್ಲ.

ಅದೇ ದಿನ, ಸಂಜೆ

"ನಾನು ಓಡಿಹೋಗ್ತೀನಿ," ಎಂದರು.

ಒಂದು ಕ್ಷಣ — ಬರೆಯುವುದಕ್ಕೆ ನಾಚಿಕೆ — ಒಂದು ಕ್ಷಣ ನಂಬಿದೆ. ನನಗಾಗಿ ಓಡುತ್ತಿದ್ದಾರೆ ಎಂದುಕೊಂಡೆ. ನಾನೂ ಬರುತ್ತೇನೆ ಎನ್ನಲು ಬಾಯಿ ತೆರೆದಿದ್ದೆ. ಆಗ ಅಡುಗೆಮನೆಗೆ ಹೋಗಿ ರೊಟ್ಟಿ ಎಣಿಸಿ ಚೀಲಕ್ಕೆ ಹಾಕಿಕೊಂಡರು. ಮೂರು. ದಿನಕ್ಕೊಂದು.

ಮರೆತೇಬಿಟ್ಟಿದ್ದೆ. ಆಯ್ಕೆಯಾದವನು ಓಡಬೇಕು, ನಾನು ಪಾಪಿ, ನನಗೆ ಬೇಡ ಅಂತ. ಊರು ಹುಡುಕಬೇಕು. ಮನೆಯವರು ಬಾಯಿ ಬಿಡಬಾರದು. ಮೂರನೆಯ ದಿನ ಹೆಂಡತಿಯೋ ತಾಯಿಯೋ ಅತ್ತು ಜಾಗ ಹೇಳಬೇಕು, ಜನ ಎಳೆದು ತರಬೇಕು. ತನ್ನ ಕಾಲ ಮೇಲೆ ತಾನೇ ಬಂದವನು ಆಸೆಬುರುಕ, ಅವನಿಗೆ ಪೀಠವಿಲ್ಲ. ಎಲ್ಲರಿಗೂ ಗೊತ್ತಿರುವ ನಾಟಕ.

ನನ್ನ ಕಿವಿಯಲ್ಲಿ ಮಾತ್ರ ಜಾಗ ಹೇಳಿದರು. ಬೆಟ್ಟದ ಮೇಲೆ ನನ್ನಪ್ಪ ನನಗೆ ಕೊಟ್ಟ ಹಳೆಯ ದ್ರಾಕ್ಷಿ ತೋಟ, ಅಲ್ಲಿಯ ಗಾಣದ ಮನೆ. ಬಳ್ಳಿಗಳೆಲ್ಲ ಸತ್ತು ಮೂರು ವರ್ಷ, ಯಾರೂ ಅತ್ತ ಹೋಗುವುದಿಲ್ಲ. ಆಮೇಲೆ ಅತ್ತೆಯನ್ನು ಕರೆದು, ಅವರ ಕೊರಳಲ್ಲಿರುವ ಹುತಾತ್ಮರ ಮೂಳೆಯ ಡಬ್ಬಿ ತೆಗೆಸಿ, ನ್ಯಾಯಸ್ಥಾನದ ದನಿ ತೆಗೆದರು.

"ಯಾರು ಕೇಳಿದ್ರೂ ಹೇಳಬಾರದು. ಕತ್ತಿಗೆ ಕತ್ತಿ ಇಟ್ರೂ ಹೇಳಬಾರದು. ಅಮ್ಮನ ಎದುರಿಗೆ ಪ್ರಮಾಣ ಮಾಡು."

ಎಂಥ ಚೆಂದದ ಸಾಕ್ಷಿ, ನಾಳೆ ಊರೆಲ್ಲ ಹೇಳಿಕೊಳ್ಳಲು. ಡಬ್ಬಿಯ ಮೇಲೆ ಕೈ ಇಟ್ಟೆ.

"ಯಾರು ಕೇಳಿದ್ರೂ ಹೇಳಲ್ಲ. ಪ್ರಮಾಣ," ಎಂದೆ.

ಅತ್ತೆ ಕಣ್ಣೊರೆಸಿಕೊಂಡರು. ಇವರು ನನ್ನ ಹಣೆಗೆ ಮುತ್ತಿಟ್ಟರು. ಹಣೆಗೆ. ಆಗಲೇ ಅಭ್ಯಾಸ ಶುರು.

ಫೆಬ್ರವರಿ ೧೦

ಜನ ಬಂದರು. ಮಂಚದಡಿ, ಧಾನ್ಯದ ಗುಡಾಣದೊಳಗೆಲ್ಲ ನೋಡಿದರು. ಗುಡಾಣದಲ್ಲಿ ಇಲಿ ಸಿಕ್ಕಿತು. "ಗೊತ್ತಿಲ್ಲ" ಎಂದೆ.

ಪ್ರಿಸ್ಕಸ್ ಹೋಗುವಾಗ ಮೆಲ್ಲಗೆ, "ಚೆನ್ನಾಗಿತ್ತು ತಾಯಿ. ಇವತ್ತಿಗೆ ಇಷ್ಟು ಸಾಕು," ಎಂದ. ಮೈ ಉರಿಯಿತು.

ಫೆಬ್ರವರಿ ೧೧

ಅಭಿಷೇಕಕ್ಕೆಂದು ಪಕ್ಕದ ಊರುಗಳ ಇಬ್ಬರು ಬಿಷಪ್ಪರು ಬಂದಿಳಿದಿದ್ದಾರೆ. ಭಾನುವಾರ ಮಧ್ಯಾಹ್ನದವರೆಗೆ ಇರುತ್ತಾರಂತೆ. ಅಷ್ಟರೊಳಗೆ ವಿತಾಲಿಸ್ ಸಿಗದಿದ್ದರೆ ಕಪ್ರಾಸಿಯಸ್‌ಗೆ ಪೀಠ.

ಪ್ರಿಸ್ಕಸ್ ಇವತ್ತು ಒಂದು ಕಾಗದ ತಂದ.

"ನಾಳೆ ಮಧ್ಯಾಹ್ನ ಬರ್ತೀವಿ. ಸ್ವಲ್ಪ ಅತ್ತು ಆಮೇಲೆ ಹೇಳಿಬಿಡಿ. ಮೊದಲೇ ಹೇಳಬೇಡಿ, ಚೆನ್ನಾಗಿರಲ್ಲ. ಇದು ಭಾನುವಾರ ನೀವು ಓದಬೇಕಾದ ಒಪ್ಪಿಗೆ. ಓದೋಕೆ ಬರುತ್ತಲ್ಲ?"

"ಬರುತ್ತೆ. ಬರೆಯೋಕೂ ಬರುತ್ತೆ," ಎಂದೆ.

"ಬರೆಯೋದು ಬೇಕಾಗಿಲ್ಲ ಬಿಡಿ."

ಅವನು ಹೋದ ಮೇಲೆ ಬಿಡಿಸಿದೆ. "ಇಂದಿನಿಂದ ಈತನನ್ನು ನಾನು ಅಣ್ಣನೆಂದು ತಿಳಿಯುತ್ತೇನೆ. ಈತನ ಹಾಸಿಗೆಯ ಮೇಲೆ, ಮನೆಯ ಮೇಲೆ ನನಗೆ ಹಕ್ಕಿಲ್ಲ..." ಅಕ್ಷರ ಇವರದು. ಮುದ್ದಾದ, ಒಂದೇ ಎತ್ತರದ ಅಕ್ಷರ. ಕೆಳಗೆ ಹಾಕಿದ ತಾರೀಖು ಜನವರಿ ಮೂವತ್ತು.

ಆಗ ಬಿಷಪ್ಪರು ಬದುಕಿದ್ದರು. ಗಂಜಿ ಕುಡಿಯುತ್ತಿದ್ದರು. ಇವರು ಅವರ ಹಾಸಿಗೆಯ ಪಕ್ಕದಲ್ಲಿ ಕೂತು ನನ್ನನ್ನು ತಂಗಿ ಮಾಡುವ ಪತ್ರ ಬರೆಯುತ್ತಿದ್ದರು. ಸಂಜೆ ಮನೆಗೆ ಬಂದು ನನ್ನ ಪಕ್ಕದಲ್ಲೇ ಮಲಗುತ್ತಿದ್ದರು, ಕಾಲು ತಣ್ಣಗಾಗಿದೆ ಒತ್ತು ಎನ್ನುತ್ತಿದ್ದರು. ನಾನು ಒತ್ತುತ್ತಿದ್ದೆ.

ಇನ್ನು ಮೇಲೆ ಇವರು ಅವರು ಏನೂ ಇಲ್ಲ ಇಲ್ಲಿ. ವಿತಾಲಿಸ್. ಬರೀ ವಿತಾಲಿಸ್.

ಫೆಬ್ರವರಿ ೧೨

ಮಧ್ಯಾಹ್ನ ಅರ್ಧ ಊರು ಅಂಗಳದಲ್ಲಿ. ಅತ್ತೆ ಹೊಸ ಮುಸುಕು ಹಾಕಿಕೊಂಡು ನಿಂತಿದ್ದರು. ಮಗಳು ಜುಸ್ತಾ ಅವರ ಪಕ್ಕ. ಪ್ರಿಸ್ಕಸ್ ಎರಡೂ ಕೈ ಚಾಚಿ, "ತಾಯಿ, ನಮ್ಮ ತಂದೆಯನ್ನ ನಮಗೆ ಕೊಡಿ. ಎಲ್ಲಿದ್ದಾರೆ?" ಎಂದ. ದನಿ ನಡುಗಿಸುವುದು ಚೆನ್ನಾಗಿ ಬರುತ್ತದೆ ಅವನಿಗೆ.

"ಹೇಳಲ್ಲ," ಎಂದೆ. "ಪ್ರಮಾಣ ಮಾಡಿದೀನಿ."

ಜನ ಮೆಚ್ಚಿ ತಲೆಯಾಡಿಸಿದರು. ಪ್ರಿಸ್ಕಸ್ ಕಾದ. ಅವನು ಮತ್ತೆ ಕೇಳಿದ. ನಾನು ಮತ್ತೆ ಅದೇ ಹೇಳಿದೆ. ಜನ ತಲೆಯಾಡಿಸುವುದು ನಿಂತಿತು.

ಪ್ರಿಸ್ಕಸ್ ನನ್ನ ಹಿಂದೆ ಒಳಕೋಣೆಗೆ ಬಂದು ಬಾಗಿಲು ಹಾಕಿದ. ದನಿಯಲ್ಲಿ ನಡುಕವಿಲ್ಲ ಈಗ.

"ಏನಮ್ಮ ಇದು? ಮೂರು ದಿನ ಆಯ್ತು. ಹೇಳಬಹುದು."

"ಮೂರು ದಿನ ಅಂತ ಪ್ರಮಾಣದಲ್ಲಿ ಇರಲಿಲ್ಲ. ಅತ್ತೇನೇ ಸಾಕ್ಷಿ."

"ಅದು ಬಾಯಿಮಾತಿಗೆ ಮಾಡಿಸೋದು. ಎಲ್ಲರೂ ಮಾಡಿಸ್ತಾರೆ."

"ಹುತಾತ್ಮರ ಮೂಳೆ ಮೇಲೆ ಕೈ ಇಟ್ಟು ಬಾಯಿಮಾತಾ? ಇದನ್ನ ಅಂಗಳದಲ್ಲಿ ಹೇಳಿ, ಜನ ಕೇಳಲಿ."

ಅವನ ಮುಖ ಬೆಳ್ಳಗಾಯಿತು. "ಪ್ರಮಾಣ ಬಿಡಿಸೋ ಅಧಿಕಾರ ಇದೆ," ಎಂದ.

"ಯಾರಿಗೆ?"

"ಊರಿನ ಬಿಷಪ್ಪರಿಗೆ."

"ಕರ್ಕೊಂಡು ಬನ್ನಿ ಹಾಗಾದ್ರೆ."

ನೂಲು ಹಿಡಿದು ಕೂತೆ. ಇವತ್ತು ರೊಟ್ಟಿ ಮುಗಿಯಿತು ವಿತಾಲಿಸ್‌ಗೆ.

ಫೆಬ್ರವರಿ ೧೩

ಪರ ಊರ ಬಿಷಪ್ಪರಿಬ್ಬರೂ ಬೆಳಿಗ್ಗೆಯಿಂದ ಕಿತ್ತಾಡುತ್ತಿದ್ದಾರಂತೆ — ಬೇರೆ ಊರಿನ ಹೆಂಗಸಿನ ಪ್ರಮಾಣ ತಾವು ಬಿಡಿಸಬಹುದೇ, ಬಾರದೇ. ಒಬ್ಬರು ಬಹುದು, ಒಬ್ಬರು ಬಾರದು. ಬ್ಲಾಂದಾ ಬಾವಿಕಟ್ಟೆಯಿಂದ ಸುದ್ದಿ ತಂದಳು.

ಅತ್ತೆ ನನ್ನೊಂದಿಗೆ ಮಾತು ಬಿಟ್ಟಿದ್ದಾರೆ. ಗೋಡೆಯೊಂದಿಗೆ ಆಡುತ್ತಾರೆ. "ಹದಿನೆಂಟು ವರ್ಷ ಉಂಡ ಮನೆಗೆ ಬೆಂಕಿ ಇಡೋಳು," ಎಂದರು ಗೋಡೆಗೆ. "ಎರಡು ಗಂಡು ಹೆತ್ತು ಎರಡನ್ನೂ ಮಣ್ಣು ಮಾಡಿದಳು, ಉಳಿದಿದ್ದು ಒಂದು ಹೆಣ್ಣು. ಬಿಷಪ್ಪನ ತಾಯಿ ಅನ್ನಿಸ್ಕೊಳ್ಳೋ ಭಾಗ್ಯಾನೂ ನನಗೆ ಬೇಡವಾ." ಬಾಚುವ ಹಣಿಗೆ ಎಸೆಯಬೇಕೆನಿಸಿತು. ಗಟ್ಟಿಯಾಗಿ ಹಿಡಿದುಕೊಂಡು ಕೂತೆ.

ಜುಸ್ತಾ ಬಂದಳು. ಹದಿನೈದು ವರ್ಷ, ಅಪ್ಪನದೇ ಗದ್ದ.

"ಅಪ್ಪ ಹಸಿದಿರ್ತಾರೆ."

"ಇರಲಿ."

"ನಿಂಗೆ ಅಪ್ಪ ದೊಡ್ಡೋರಾಗೋದು ಇಷ್ಟ ಇಲ್ಲ. ಅಜ್ಜಿ ಹೇಳಿದ್ರು, ನೀನು ಮೊದಲಿಂದ ಹಾಗೇ ಅಂತೆ."

"ನಿಮ್ಮಪ್ಪ ನನ್ನನ್ನ ಬಿಡ್ತಿದಾರೆ ಜುಸ್ತಾ. ಅದು ನಿಂಗೆ ಗೊತ್ತಾ?"

"ಬಿಡೋದೆಲ್ಲಿ, ಗೋಡೆ ಆಚೆ ಇರ್ತೀಯ."

ಎಷ್ಟು ಸುಲಭವಾಗಿ ಹೇಳಿದಳು. ಹೊಡೆಯಲಿಲ್ಲ. ಹೊಡೆಯಬೇಕಿತ್ತೋ ಏನೋ.

ಫೆಬ್ರವರಿ ೧೪, ಮಧ್ಯಾಹ್ನ

ಬೆಳಿಗ್ಗೆ ಬೇಗ ಎದ್ದು ಬೆಟ್ಟ ಹತ್ತಿದೆ. ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಸುತ್ತುದಾರಿ ಹಿಡಿದೆ. ಮಂಜು ಬಿದ್ದಿತ್ತು. ಒಂದು ರೊಟ್ಟಿ, ಒಂದಿಷ್ಟು ಚೀಸು ಸೆರಗಿನಲ್ಲಿ ಕಟ್ಟಿಕೊಂಡಿದ್ದೆ. ಯಾಕೆ ಒಯ್ದೆನೋ. ಒಯ್ದೆ.

ವಿತಾಲಿಸ್ ಗಾಣದ ತೊಟ್ಟಿಯೊಳಗೆ ಗೋಣಿ ಹೊದ್ದು ಕೂತಿದ್ದ. ಗಡ್ಡ ಬೆಳೆದಿತ್ತು. ಮೂಗು ಸೋರುತ್ತಿತ್ತು. ನನ್ನನ್ನು ನೋಡಿದವನೇ ನನ್ನ ಬೆನ್ನ ಹಿಂದೆ ನೋಡಿದ.

"ಜನ ಎಲ್ಲಿ?"

"ಯಾವ ಜನ?"

"ಇನ್ನೂ ಹೇಳಿಲ್ವಾ ನೀನು? ಐದು ದಿನ ಆಯ್ತು!"

"ಕತ್ತಿಗೆ ಕತ್ತಿ ಇಟ್ರೂ ಹೇಳಬಾರದು ಅಂದ್ರಿ. ಇನ್ನೂ ಯಾರೂ ಕತ್ತಿ ಇಟ್ಟಿಲ್ಲ."

ರೊಟ್ಟಿ ಕಸಿದುಕೊಂಡು ತಿಂದ. ತಿನ್ನುತ್ತಲೇ ಬೈದ. ಮೂರ್ಖಳು, ಹಟಮಾರಿ, ನಿನ್ನಪ್ಪನ ಬುದ್ಧಿ. ಬಾಯಿ ಖಾಲಿಯಾಗುವವರೆಗೆ ಕಾದೆ.

"ಬೇಕು ಅನ್ನಿ," ಎಂದೆ. "ನನಗೆ ಬಿಷಪ್ ಆಗೋದು ಬೇಕು, ನೀನು ಬೇಡ. ಅಷ್ಟು ಹೇಳಿ ಸಾಕು. ಇವತ್ತೇ ಹೋಗಿ ಪ್ರಮಾಣ ಮುರಿದು ಜಾಗ ಹೇಳ್ತೀನಿ. ನರಕಕ್ಕೆ ಬೇಕಾದ್ರೂ ಹೋಗ್ತೀನಿ."

"ನಾನು ಏನೂ ಬಯಸಿಲ್ಲ ತುರ್ತೂರಾ. ದೇವರ ಇಚ್ಛೆ."

ಕಾಗದ ತೆಗೆದು ಮುಂದೆ ಹಿಡಿದೆ. "ಇದೂ ದೇವರ ಅಕ್ಷರಾನಾ? ಜನವರಿ ಮೂವತ್ತಕ್ಕೆ?"

ಈಗಲಾದರೂ ತಲೆ ತಗ್ಗಿಸುತ್ತಾನೆ ಎಂದುಕೊಂಡೆ. ತಗ್ಗಿಸಿದ — ಓದಲು. ಬೆರಳಿಟ್ಟು ಸಾಲು ಸಾಲಾಗಿ ಓದಿದ. ಹುಬ್ಬು ಗಂಟಿಕ್ಕಿದ.

"ಒಂದು ಸಾಲು ಬಿಟ್ಟುಹೋಗಿದೆ," ಎಂದ. "'ಯಾರ ಒತ್ತಾಯವೂ ಇಲ್ಲದೆ, ಸ್ವಂತ ಇಚ್ಛೆಯಿಂದ'. ಪ್ರಿಸ್ಕಸ್‌ಗೆ ಹೇಳು, ಸೇರಿಸಲಿ. ಅದಿಲ್ದೆ ನಾಳೆ ಯಾರಾದ್ರೂ ತಕರಾರು ತೆಗೀಬಹುದು."

ಹದಿನೆಂಟು ವರ್ಷ ಈ ಮನುಷ್ಯನ ಪಕ್ಕದಲ್ಲಿ ಮಲಗಿದ್ದೇನೆ. ಎರಡು ಮಕ್ಕಳನ್ನು ಅವನ ಜೊತೆ ನಿಂತು ಹೂತಿದ್ದೇನೆ. ದೊಡ್ಡದನ್ನು ಹೂತ ದಿನ ಗುಂಡಿಯ ಪಕ್ಕ ಕೂತು ಅವನು ಅತ್ತ ಅಳು ನಾಟಕವಲ್ಲ, ಅದು ನನಗೆ ಗೊತ್ತು. ಆ ಒಂದು ಅಳುವಿಗಾಗಿ ಎಷ್ಟೆಲ್ಲ ಸಹಿಸಿದೆ. ಆ ವಿತಾಲಿಸ್ ನನಗೆ ಬೇಕಿತ್ತು. ಅದಕ್ಕೇ ಬೆಟ್ಟ ಹತ್ತಿದ್ದು, ಬೇರೇನಕ್ಕೂ ಅಲ್ಲ.

"ದಾರಿ ಗೊತ್ತಲ್ಲ. ನಡ್ಕೊಂಡು ಬಾ," ಎಂದೆ. ಏಕವಚನ ತಾನಾಗೇ ಬಂತು.

"ನಾನಾಗೇ ಬಂದ್ರೆ ಎಲ್ಲ ಮುಗೀತು. ನಿಂಗೆ ಗೊತ್ತು."

"ಗೊತ್ತು."

ಇಳಿಯಲು ತಿರುಗಿದೆ. ಕಾಗದ ಅವನ ಹತ್ತಿರವೇ ಬಿಟ್ಟಿದ್ದೆ. ಕರೆದು ಕೊಟ್ಟ. ಅಷ್ಟರಲ್ಲೇ ಇದ್ದಿಲ ಚೂರಿನಿಂದ ಆ ಸಾಲು ಬರೆದು ಸೇರಿಸಿದ್ದ.

ಅದೇ ದಿನ, ಸಂಜೆಗೆ ಮುಂಚೆ

ಬ್ಲಾಂದಾ ಓಡಿಬಂದಳು. "ಬೆಟ್ಟದ ಮೇಲೆ ಹೊಗೆ ಅಮ್ಮಾ. ಹಳೇ ಗಾಣದ ಮನೆ ಕಡೆಯಿಂದ. ಊರೆಲ್ಲ ಅತ್ತಲೇ ಓಡ್ತಿದೆ."

ಒದ್ದೆ ಬಳ್ಳಿ ಹಾಕಿ ಹೊತ್ತಿಸಿರಬೇಕು, ಅಷ್ಟು ಕಪ್ಪು ಹೊಗೆ. ಚಳಿ ತಡೆಯಲಾರದೆ ಪಾಪ ಬೆಂಕಿ ಹಾಕಿಕೊಂಡರಂತೆ, ದೇವರೇ ತೋರಿಸಿಕೊಟ್ಟನಂತೆ. ಹೆಗಲ ಮೇಲೆ ಹೊತ್ತು ತಂದರು. ಕೈಕಾಲು ಬಡಿದು ಬೇಡ ಬೇಡ ಎನ್ನುತ್ತಿದ್ದ. ಐದು ದಿನ ಸಿಗದವನು — ಇಷ್ಟು ದೊಡ್ಡ ವಿನಯ ಈ ಸೀಮೆಯಲ್ಲಿ ಯಾರೂ ಕಂಡಿಲ್ಲವಂತೆ. ನನ್ನ ಹಟದಿಂದ ಅವನ ಹೆಸರು ಇನ್ನೂ ಮೇಲಕ್ಕೆ ಹೋಯಿತು. ಪ್ರಿಸ್ಕಸ್ ನನಗೆ ಕೈ ಮುಗಿದ, ನಗುತ್ತ.

ಇನ್ನು ಉಳಿದಿರುವುದು ನನ್ನ ಬಾಯಿ. ಅದನ್ನು ಯಾರೂ ಹೊತ್ತುಕೊಂಡು ಹೋಗಲಾರರು. ನಾಳೆ ಇಲ್ಲ ಎನ್ನುತ್ತೇನೆ.

ಫೆಬ್ರವರಿ ೧೫, ಭಾನುವಾರ

ಇಲ್ಲ ಎಂದೆ.

ಬರೆದಿಡಬೇಕು, ಇಲ್ಲದಿದ್ದರೆ ನಾಳೆ ನನಗೇ ಅನುಮಾನ ಬರುತ್ತದೆ. ವಿತಾಲಿಸ್ ಮೆಟ್ಟಿಲ ಮೇಲೆ ಮಂಡಿಯೂರಿದ್ದ. ನಾನು ಅವನಿಂದ ಎರಡು ಮಾರು ದೂರ. ಹಿರಿಯ ಬಿಷಪ್ಪರು ಕೇಳಿದರು, "ಮಗಳೇ, ನಿನ್ನ ಒಪ್ಪಿಗೆ ಇದೆಯಾ?" ಕಾಗದ ಮಡಚಿಯೇ ಇತ್ತು ಕೈಯಲ್ಲಿ. ಬಾಯಿ ತೆರೆದೆ. ಅಷ್ಟರಲ್ಲಿ ಪ್ರಿಸ್ಕಸ್ ಕಂಬದ ಪಕ್ಕದಿಂದ ಕೈ ಎತ್ತಿದ. ಜನ ಕೂಗಿದರು — "ಯೋಗ್ಯ, ಯೋಗ್ಯ, ಯೋಗ್ಯ." ನಾನು "ಇಲ್ಲ" ಎಂದೆ. ಮತ್ತೆ "ಇಲ್ಲ" ಎಂದೆ. ಕಿರುಚಿದೆ. ನನ್ನ ಮಾತು ನನಗೇ ಕೇಳಿಸಲಿಲ್ಲ. ಹಿರಿಯ ಬಿಷಪ್ಪರು ನನ್ನ ತುಟಿ ನೋಡಿದರು, ಪ್ರಿಸ್ಕಸ್‌ನನ್ನು ನೋಡಿದರು. ಪ್ರಿಸ್ಕಸ್ ತಲೆಯಾಡಿಸಿದ. ವಿತಾಲಿಸ್‌ನ ತಲೆಯ ಮೇಲೆ ಕೈ ಇಟ್ಟರು.

ವಿತಾಲಿಸ್‌ಗೆ ಕೇಳಿಸಿತು. ತಲೆ ಎತ್ತಿ ನೇರ ನನ್ನ ಮುಖ ನೋಡಿದ. ಆಮೇಲೆ ಮತ್ತೆ ತಗ್ಗಿಸಿದ.

ಹೊರಗೆ ಜುಸ್ತಾ ಕೇಳಿದಳು, "ಚೆನ್ನಾಗಿ ಹೇಳಿದ್ಯಾ ಅಮ್ಮ? ಗಲಾಟೆಲಿ ಏನೂ ಕೇಳಿಸ್ಲಿಲ್ಲ." ಅಲ್ಲಿಂದ ನನ್ನನ್ನು ನೇರ ಗೋಡೆಯಾಚೆಯ ಮನೆಗೆ ಕರೆತಂದರು. ಉಣ್ಣೆಯ ಬುಟ್ಟಿ ಮಾತ್ರ ಕೇಳಿ ತರಿಸಿಕೊಂಡೆ.

ಫೆಬ್ರವರಿ ೧೯

ನನ್ನ ಹಾಳೆಗಳು ನಿನ್ನೆಗೆ ಮುಗಿದವು. ಇದು ಪ್ರಿಸ್ಕಸ್ ತಂದ ಹಾಳೆ. ಭಾನುವಾರದ ದಾಖಲೆ. ಮೇಲರ್ಧದಲ್ಲಿ ಬರೆದಿದೆ: ತುರ್ತೂರಾ ಸ್ಪಷ್ಟವಾದ ದನಿಯಲ್ಲಿ, ಎಲ್ಲರಿಗೂ ಕೇಳುವಂತೆ, ಸ್ವಂತ ಇಚ್ಛೆಯಿಂದ ಒಪ್ಪಿದಳು. ಕೆಳಗರ್ಧ ಖಾಲಿ. ಅಲ್ಲಿ ನಾನು "ಇದು ನಿಜ" ಎಂದು ಬರೆದು ಉಂಗುರದ ಮುದ್ರೆ ಒತ್ತಬೇಕು. ಸುತ್ತಮುತ್ತಲ ಊರುಗಳಿಗೆಲ್ಲ ಇದರ ನಕಲು ಹೋಗುತ್ತದೆ.

"ನಾನು ಇಲ್ಲ ಅಂದೆ," ಎಂದೆ ಅವನಿಗೆ.

"ಯಾರು ಕೇಳಿಸ್ಕೊಂಡ್ರು ತಾಯಿ?"

"ನಿಮ್ಮ ಬಿಷಪ್ಪರು ಕೇಳಿಸ್ಕೊಂಡಿದಾರೆ. ಎದುರಿಗೆ ನಿಂತು ಕೇಳಿ ಬನ್ನಿ."

ನಿಜವಾಗಿಯೂ ಎದ್ದು ಹೋದ. ಬಹಳ ಹೊತ್ತು ಬರಲಿಲ್ಲ. ವಿತಾಲಿಸ್ ಕೇಳಿಸಿಲ್ಲ ಎನ್ನುತ್ತಾನೋ, ಕೇಳಿಸಿತು ಎನ್ನುತ್ತಾನೋ... ಪ್ರಿಸ್ಕಸ್ ಬಂದ. ಕಣ್ಣು ನೆಲದ ಮೇಲೆ.

"ಕೇಳಿಸ್ತಂತೆ," ಎಂದ. "ಬಿಷಪ್ ಆದೋರು ಸುಳ್ಳು ಹೇಳಬಾರದಂತೆ. ಅದಕ್ಕೇ ಈ ದಾಖಲೆಗೆ ಅವರು ಕೈ ಹಾಕಲ್ಲ. ನೀವೇ ಹಾಕಬೇಕಂತೆ."

ಅರಗು ಕರಗಿಸಿ ಪಕ್ಕದಲ್ಲಿಟ್ಟಿದ್ದಾನೆ. ಲೇಖನಿ ಕೈಗೆ ಕೊಟ್ಟು ಬಾಗಿಲಲ್ಲಿ ನಿಂತಿದ್ದಾನೆ. ಇಷ್ಟುದ್ದ ಯಾಕೆ ಬರೆಯುತ್ತೀರಿ ಎಂದು ಕೇಳಿದ. ನನಗೆ ಅಕ್ಷರ ನಿಧಾನ ಎಂದೆ. ನಂಬಿದ.

ಖಾಲಿ ಜಾಗ ಇನ್ನು ನಾಲ್ಕು ಬೆರಳು. ಸಾಕು. ಇದರ ಕೆಳಗೆ ಮುದ್ರೆ ಒತ್ತುತ್ತೇನೆ, ಬೇಡ ಎನ್ನುವುದಿಲ್ಲ. ಓದಿದವರು ಓದಲಿ. ಪ್ರಿಸ್ಕಸ್ ಬಾಗಿಲು ಬಿಟ್ಟು ಹತ್ತಿರ ಬರುತ್ತಿದ್ದಾನೆ. ತುರ್ತೂರಾ ಎಂಬ ನಾನು ಫೆಬ್ರವರಿ ಹದಿನೈದರಂದು ಇಗರ್ಜಿಯಲ್ಲಿ ಎರಡು ಸಲ ಇಲ್ಲ ಎಂದೆ. ನನ್ನ ಗಂಡ ಬದುಕಿದ್ದಾನೆ. ನಾನು ಯಾರ ತಂಗಿಯೂ ಅಲ್ಲ. ಇದನ್ನು ತನ್ನ ಕಿವಿಯಿಂದ ಕೇಳಿ ಸುಮ್ಮನಿದ್ದವನ ಹೆಸರು ವಿತಾ